ಮನೆಗೆ ಮರಳಿದ ಸಿಪಾಯಿ: ಒಂದು ವಿಜ್ಞಾನ ಕಾದಂಬರಿಯ ಅಭ್ಯಾಸ



ನಕ್ಷತ್ರಲೋಕದ ಯುದ್ಧಕಥೆ ಎಂದೊಡನೆ ನಮ್ಮಲ್ಲಿ ಹಲವರು ಮೂಗು ಮುರಿಯುವುದುಂಟು. ಅದು ಹುಡುಗರ ಹೊತ್ತುಗಳೆಯುವ ಪುಸ್ತಕವೆಂಬುದು ಸಾಮಾನ್ಯ ಅಭಿಪ್ರಾಯ. ನಾನೂ ಹಾಗೆಯೇ ತಿಳಿದಿದ್ದೆ. ಅಮೆರಿಕದ ಜೋ ಹಾಲ್ಡ್‌ಮನ್ ಬರೆದ ‘ದಿ ಫಾರೆವರ್ ವಾರ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಓದಿದ ಮೇಲೆ ಆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ಮೊದಲು ಗ್ರಂಥಕರ್ತನ ವಿಷಯ. ಹಾಲ್ಡ್‌ಮನ್ ಹುಟ್ಟಿದ್ದು 1943ರಲ್ಲಿ. ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರ ಓದಿ 1967ರಲ್ಲಿ ಪದವೀಧರನಾದ. ಕೂಡಲೇ ಕಡ್ಡಾಯ ಸೈನ್ಯಭರ್ತಿಯ ಕರೆ ಬಂತು. ವಿಯೆಟ್ನಾಮಿನ ಯುದ್ಧಕ್ಕೆ ಹೋಗಿ, ಅಲ್ಲಿ ತೀವ್ರವಾಗಿ ಗಾಯಗೊಂಡು ಮರಳಿದ. ಅವನ ಈ ಕಾದಂಬರಿಯನ್ನು ಅನೇಕ ಪ್ರಕಾಶಕರು ತಿರಸ್ಕರಿಸಿದರು. ಕೊನೆಗೆ 1974ರಲ್ಲಿ ಅದು ಪುಸ್ತಕವಾಗಿ ಬಂದಾಗ, ವಿಜ್ಞಾನಕಥೆಗಳಿಗೆ ಸಲ್ಲುವ ಹ್ಯೂಗೋ, ನೆಬ್ಯುಲಾ ಬಹುಮಾನಗಳೆರಡೂ ಅದಕ್ಕೆ ದೊರೆತವು.

ಕಥೆ ಹೀಗಿದೆ. ವಿಲಿಯಂ ಮಂಡೆಲ್ಲಾ ಭೌತಶಾಸ್ತ್ರದ ವಿದ್ಯಾರ್ಥಿ. ಬುದ್ಧಿವಂತ ತರುಣ ತರುಣಿಯರನ್ನೇ ಆರಿಸಿ ಸೈನ್ಯಕ್ಕೆ ಸೇರಿಸುವ ಕಾನೂನಿಗೆ ಸಿಕ್ಕಿ ಅವನು ಸಿಪಾಯಿಯಾಗುತ್ತಾನೆ. ಶತ್ರುಗಳು ಟಾರನ್ನರೆಂಬ ಅನ್ಯಲೋಕದ ಜೀವಿಗಳು. ಅವರನ್ನು ಕಂಡವರಿಲ್ಲ, ಅವರ ಭಾಷೆ ಬಲ್ಲವರಿಲ್ಲ. ಮೊದಲನೆಯ ಕಾಳಗದಲ್ಲಿ ಆ ಜೀವಿಗಳಿಗೆ ಎದುರುನಿಂತು ಕಾದಾಡುವುದೇ ಗೊತ್ತಿಲ್ಲವೆಂದು ತಿಳಿಯುತ್ತದೆ. ಆದರೂ ಸಿಪಾಯಿಗಳ ಮನಸ್ಸಿನಲ್ಲಿ ವಶೀಕರಣದಿಂದ ಮೊದಲೇ ನೆಟ್ಟಿದ್ದ ದ್ವೇಷ ಒಂದು ಮಾತಿಗೆ ಕೆರಳಿ, ಅದು ಕಾಳಗವಾಗದೆ ಕಗ್ಗೊಲೆಯಾಗುತ್ತದೆ. ಆ ಪಾಪ ಯಾರದು ಎಂಬ ಪ್ರಶ್ನೆ ಮಂಡೆಲ್ಲಾನನ್ನು ಬಿಡುವುದಿಲ್ಲ.

ಇನ್ನು ಕಾದಂಬರಿಗೆ ಆಧಾರವಾದ ಶಾಸ್ತ್ರವನ್ನು ಸ್ವಲ್ಪ ತಿಳಿಯೋಣ. ಅತಿವೇಗದಲ್ಲಿ ಚಲಿಸುವವನ ಗಡಿಯಾರ, ನಿಂತವನ ಗಡಿಯಾರಕ್ಕಿಂತ ನಿಧಾನವಾಗಿ ನಡೆಯುತ್ತದೆಂದು 1905ರಲ್ಲಿ ಐನ್‌ಸ್ಟೈನ್ ತೋರಿಸಿದ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಅದರ ನೂರಕ್ಕೆ 99.5ರಷ್ಟು ವೇಗದಲ್ಲಿ ಒಬ್ಬನು ತನ್ನ ಲೆಕ್ಕದ ಒಂದು ವರ್ಷ ಸಂಚರಿಸಿ ಬಂದರೆ, ಊರಿನಲ್ಲಿ ಸುಮಾರು 10 ವರ್ಷ ಕಳೆದಿರುತ್ತದೆ. ಇದು ಕಟ್ಟುಕಥೆಯಲ್ಲ. ಮ್ಯುವಾನ್ ಎಂಬ ಕಣದ ಸರಾಸರಿ ಆಯುಷ್ಯ ಸೆಕೆಂಡಿನ 10 ಲಕ್ಷದಲ್ಲಿ 2.2 ಭಾಗ. ಅಷ್ಟರಲ್ಲಿ ಬೆಳಕಿನ ವೇಗದಿಂದ ಓಡಿದರೂ ಅದು ಸಾಗಬಹುದಾದ ದೂರ ಸುಮಾರು 660 ಮೀಟರು. ಆದರೆ ಹತ್ತಾರು ಕಿಲೋಮೀಟರು ಎತ್ತರದಲ್ಲಿ ಹುಟ್ಟಿದ ಮ್ಯುವಾನುಗಳು ನೆಲವನ್ನು ಮುಟ್ಟುತ್ತವೆ. ನೆಲದೊಳಕ್ಕೂ ಇಳಿಯುತ್ತವೆ. 1950ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಇವನ್ನು ಎಣಿಸಿದರು. ಓಟದಲ್ಲಿರುವ ಕಣದ ಕಾಲ ನಮ್ಮ ಕಾಲಕ್ಕಿಂತ ನಿಧಾನವಾದುದರಿಂದಲೇ ಅದು ಇಷ್ಟು ದೂರ ಬದುಕಿ ಬರುತ್ತದೆ.

ಈ ನಿಯಮವನ್ನು ಹಾಲ್ಡ್‌ಮನ್ ಮನುಷ್ಯನ ಮನೆಯೊಳಕ್ಕೆ ತಂದಿದ್ದಾನೆ. ಮಂಡೆಲ್ಲಾ 1997ರಲ್ಲಿ ಹೊರಟು 2024ರಲ್ಲಿ ಭೂಮಿಗೆ ಮರಳುತ್ತಾನೆ. ಅವನಿಗೆ ಕಳೆದಿರುವುದು ಕೆಲವೇ ವರ್ಷ. ಬಾಕಿ ಸಂಬಳ ಬೆಳೆದು ದೊಡ್ಡ ಮೊತ್ತವಾಗಿದೆ. ಆದರೆ ತಂದೆ ಇಲ್ಲ, ತಾಯಿ ಮುದುಕಿ. ಎಪ್ಪತ್ತು ದಾಟಿದವರಲ್ಲಿ ಯಾರಿಗೆ ಚಿಕಿತ್ಸೆ ಕೊಡಬೇಕೆಂಬುದನ್ನು ಸರಕಾರ ಅಂಕ ಹಾಕಿ ಗೊತ್ತುಮಾಡುವ ಕಾಲವದು. ಅವಳಿಗೆ ಸಿಕ್ಕ ಅಂಕ ಸೊನ್ನೆ. ಮಗನ ಕಣ್ಣೆದುರಿಗೇ ಅವಳು ತೀರಿಕೊಳ್ಳುತ್ತಾಳೆ. ಈ ಭಾಗ ತೀರ ನಿರಾಶೆಯದಾಯಿತೆಂದು ಪತ್ರಿಕೆಯ ಸಂಪಾದಕರು ಮೊದಲು ಬೇಡವೆಂದರು. ಬಹುಕಾಲದ ನಂತರದ ಮುದ್ರಣಗಳಲ್ಲಿ ಮಾತ್ರ ಅದು ಸ್ವಸ್ಥಾನಕ್ಕೆ ಸೇರಿತು. ಆದುದರಿಂದ ಓದುವವರು ಹೊಸ ಮುದ್ರಣವನ್ನೇ ಹುಡುಕತಕ್ಕದ್ದು.

ಬಳಿಕ ಮಂಡೆಲ್ಲಾ ಮತ್ತೆ ಸೈನ್ಯಕ್ಕೆ ಸೇರುತ್ತಾನೆ. ಏಕೆ? ಯುದ್ಧದ ಮೇಲಿನ ಪ್ರೀತಿಯಿಂದಲ್ಲ. ಊರಿನಲ್ಲಿ ಅವನಿಗೆ ಗೊತ್ತಿದ್ದುದು ಏನೂ ಉಳಿದಿಲ್ಲ. ಪಾಳೆಯದಲ್ಲಿಯಾದರೂ ಅವನ ಹೆಸರು ಹಿಡಿದು ಕರೆಯುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಕಾದಂಬರಿಯ ಜೀವ ಇಲ್ಲಿದೆ. ಚಂದ್ರಲೋಕದಲ್ಲಿ ಬೋಧಕನ ಕೆಲಸವೆಂದು ಭರವಸೆ ಕೊಟ್ಟ ಮೇಲಧಿಕಾರಿಗಳು ಬಹುಬೇಗ ಮತ್ತೊಂದು ಹುಕುಮು ಹೊರಡಿಸಿ ಅವನನ್ನು ರಣರಂಗಕ್ಕೆ ಅಟ್ಟುತ್ತಾರೆ. ಹೀಗೆ ಸಾವಿರ ವರ್ಷ ಮೀರಿ ಯುದ್ಧ ನಡೆಯುತ್ತದೆ. ಅದು ಮೊದಲಾದುದೇ ಒಂದು ತಪ್ಪು ತಿಳಿವಳಿಕೆಯಿಂದ ಎಂಬುದು ಕೊನೆಗೆ ಬಯಲಾಗುತ್ತದೆ.

ರಾಬರ್ಟ್ ಹೈನ್‌ಲೈನ್ 1959ರಲ್ಲಿ ಬರೆದ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಇದೇ ಜಾತಿಯ ಪ್ರಸಿದ್ಧ ಕಾದಂಬರಿ. ಅಲ್ಲಿ ಸೈನಿಕಸೇವೆ ಹುಡುಗನನ್ನು ಗಂಡಸಾಗಿಸುತ್ತದೆ, ಮತದಾನದ ಹಕ್ಕನ್ನು ಗಳಿಸಿಕೊಡುತ್ತದೆ. ಹಾಲ್ಡ್‌ಮನ್ನನ ಪುಸ್ತಕದಲ್ಲಿ ಅದೇ ಸೇವೆ ಮನುಷ್ಯನಿಂದ ಊರು, ಮನೆ, ಕಾಲ ಮೂರನ್ನೂ ಕಿತ್ತುಕೊಳ್ಳುತ್ತದೆ. ಎರಡನ್ನೂ ಒಂದರ ಹಿಂದೊಂದು ಓದಿದರೆ ಬಹಳ ಪ್ರಯೋಜನವುಂಟು.

ದೋಷಗಳಿಲ್ಲವೆಂದಲ್ಲ. ಪಾಳೆಯದ ಸ್ತ್ರೀಪುರುಷ ಸಂಬಂಧಗಳ ಚಿತ್ರ ಒರಟು; ಸಲಿಂಗ ಪ್ರೇಮವನ್ನು ಸರಕಾರ ಜನಸಂಖ್ಯೆ ಇಳಿಸಲು ಹೂಡಿದ ಉಪಾಯವೆಂಬಂತೆ ಬರೆದಿರುವುದು ಇಂದು ಒಪ್ಪತಕ್ಕದ್ದಲ್ಲ. ಉಪಪಾತ್ರಗಳು ಹೆಸರು ನೆನಪಾಗುವ ಮೊದಲೇ ಸಾಯುತ್ತವೆ. ಕೊನೆಯ ಪುಟಗಳಲ್ಲಿ ಒಂದು ಪತ್ರ ಬರುತ್ತದೆ. ಅದನ್ನಿಲ್ಲಿ ಹೇಳಿ ನಿಮ್ಮ ಸುಖ ಕೆಡಿಸಲಾರೆ. ಎಲ್ಲವನ್ನೂ ಕಿತ್ತುಕೊಂಡ ಆ ಕಾಲನಿಯಮವೇ ಅಲ್ಲಿ ಸ್ವಲ್ಪವನ್ನು ಹಿಂತಿರುಗಿಸುತ್ತದೆ ಎಂದಷ್ಟು ಹೇಳಬಹುದು.

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಾವು ಸಿಪಾಯಿಗಳಲ್ಲ; ನಾವು ಹತ್ತುವುದು ರೈಲನ್ನು. ಆದರೂ ಎರಡು ವರ್ಷಕ್ಕೊಮ್ಮೆ ಹದಿನೈದು ದಿನದ ರಜೆಯಲ್ಲಿ ಹೋದಾಗ, ಬಾಗಿಲಿಗೆ ಬಂದ ತಾಯಿಯ ಬೆನ್ನು ಎಷ್ಟು ಬಾಗಿದೆಯೆಂದು ಕಂಡು ಹೊಸ್ತಿಲಲ್ಲೇ ನಿಂತವನು ನಾನು. ಮಂಡೆಲ್ಲಾನ ಕಥೆಯನ್ನು ಓದುವಾಗ ಆ ಹೊಸ್ತಿಲು ನೆನಪಾಯಿತು.

ಓದುವವರು ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ. ಮಂಡೆಲ್ಲಾ ಮರಳಿ ಸೈನ್ಯಕ್ಕೆ ಹೋದದ್ದು ಸರಿಯೆ? ಶತ್ರುವಿನ ಭಾಷೆ ಮೊದಲೇ ತಿಳಿದಿದ್ದರೆ ಏನಾಗುತ್ತಿತ್ತು? ದುಡಿದ ಹಣದಿಂದ ಕಳೆದ ಕಾಲಕ್ಕೆ ಬೆಲೆ ಕಟ್ಟಬಹುದೆ? ಇಂಗ್ಲಿಷ್ ಕಷ್ಟವೆನಿಸಿದವರು ದಿನಕ್ಕೆ ನಾಲ್ಕು ಪುಟ ಓದಿದರೆ ಸಾಕು. ವಾಕ್ಯಗಳು ಚಿಕ್ಕವು, ಮಾತು ಸರಳ. ಓದಿ ಮುಗಿಸಿದ ಮಿತ್ರರು ವಾಚನಾಲಯಕ್ಕೆ ಬಂದಾಗ ತಮ್ಮ ಉತ್ತರವನ್ನು ತಿಳಿಸಿದರೆ ನನಗೆ ಸಂತೋಷ.