ದಾಂಪತ್ಯ ಜೀವನದ ಬಗೆಗೆ ವಿಜ್ಞಾನವು ತಿಳಿದುಕೊಂಡ ಬಗೆ

ಹೃದಯವು ನಿಮಿಷಕ್ಕೆ ಎಷ್ಟು ಬಾರಿ ಬಡಿಯುತ್ತದೆಂಬುದನ್ನು ತಿಳಿಯಲು ವೈದ್ಯನು ನಾಡಿ ಹಿಡಿದು ನೋಡಿದರೆ ಸಾಕು. ರಕ್ತಹೀನತೆಯಿದೆಯೇ ಎಂಬುದನ್ನು ಒಂದು ಹನಿ ರಕ್ತವೇ ತಿಳಿಸುತ್ತದೆ. ಆದರೆ ದಂಪತಿಗಳ ಲೈಂಗಿಕ ಜೀವನ ಹೇಗಿದೆ, ಅದರಲ್ಲಿ ಯಾವುದು ಸಹಜ, ಯಾವುದಕ್ಕೆ ಚಿಕಿತ್ಸೆ ಅಗತ್ಯ ಎಂಬುದನ್ನು ತಿಳಿಯಲು ಅಂತಹ ಸುಲಭ ಸಾಧನವಿಲ್ಲ. ಬಹುಮಟ್ಟಿಗೆ ಅವರನ್ನೇ ಕೇಳಬೇಕು, ಅವರು ನಿಜವನ್ನು ಹೇಳಬೇಕು. ಇಷ್ಟು ಸರಳವಾದ ಸಂಗತಿಯನ್ನು ಮನಗಾಣಲು ವೈದ್ಯವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಈ ವಿಷಯವನ್ನು ಕುರಿತು ಬರೆದ ವೈದ್ಯರಿಗೆ ಆಧಾರವಾಗಿದ್ದುದು ಅವರ ಸ್ವಂತ ಅಭಿಪ್ರಾಯ, ಇಲ್ಲವೇ ಆಸ್ಪತ್ರೆಗೂ ನ್ಯಾಯಾಲಯಕ್ಕೂ ಬಂದವರ ಕಥೆಗಳು. ಬಹುಪಾಲು ಸ್ತ್ರೀಯರಿಗೆ ಲೈಂಗಿಕ ಇಚ್ಛೆಯು ಅಷ್ಟಾಗಿ ಇರುವುದಿಲ್ಲವೆಂದು ಲಂಡನ್ನಿನ ವೈದ್ಯ ವಿಲಿಯಂ ಆ್ಯಕ್ಟನ್ ಬರೆದರು. ಓದಿದವರು ಅದನ್ನು ನಂಬಿದರು. 1886ರಲ್ಲಿ ಕ್ರಾಫ್ಟ್-ಎಬಿಂಗ್ ಎಂಬ ಮನೋವೈದ್ಯರು ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿಯೂ ಇದ್ದುದು ವಿಕಾರಗಳ ಪ್ರಕರಣಗಳೇ. ಆರೋಗ್ಯವಂತರಾದ ಸಾಮಾನ್ಯ ಗೃಹಸ್ಥರನ್ನು ಯಾರೂ ಕೇಳಿರಲಿಲ್ಲ.

ಕೇಳಿದವರಲ್ಲಿ ಮೊದಲಿಗರೊಬ್ಬರು ಅಮೆರಿಕದ ಕ್ಲೀಲಿಯಾ ಮೋಷರ್. 1892ರಲ್ಲಿ, ಇನ್ನೂ ವಿದ್ಯಾರ್ಥಿನಿಯಾಗಿದ್ದಾಗಲೇ, ಅವರು ವಿವಾಹಿತ ಸ್ತ್ರೀಯರಿಗೆ ಪ್ರಶ್ನಾವಳಿಗಳನ್ನು ಕೊಟ್ಟು ಉತ್ತರಗಳನ್ನು ಪಡೆಯಲಾರಂಭಿಸಿದರು. ಮುಂದೆ ವೈದ್ಯೆಯಾದ ಮೇಲೂ ಈ ಕಾರ್ಯವನ್ನು ಬಿಡಲಿಲ್ಲ. ಒಟ್ಟು ದೊರೆತದ್ದು 45 ಮಂದಿಯ ಉತ್ತರಗಳು. ಅವರಲ್ಲಿ 35 ಮಂದಿ ತಮಗೆ ಇಚ್ಛೆಯುಂಟೆಂದು ಸ್ಪಷ್ಟವಾಗಿ ಬರೆದಿದ್ದರು. ವಿದ್ಯಾವಂತ ಸ್ತ್ರೀಯರ ಈ ಸಣ್ಣ ಗುಂಪಿನಿಂದ ಇಡೀ ದೇಶದ ಸ್ತ್ರೀಯರನ್ನು ಅಳೆಯಲಾಗದು, ನಿಜ. ಆದರೆ ಆ್ಯಕ್ಟನ್ನರ ಮಾತು ನಿಲ್ಲಲಾರದೆಂದು ತೋರಿಸಲು ಇಷ್ಟಾದರೂ ಸಾಕಾಗಿತ್ತು. ಮೋಷರ್ ಈ ಉತ್ತರಗಳನ್ನು ಪ್ರಕಟಿಸಲೇ ಇಲ್ಲ. ಅವರು ತೀರಿಕೊಂಡು 33 ವರ್ಷಗಳಾದ ಮೇಲೆ, 1973ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ದಾಖಲೆಗಳಲ್ಲಿ ಇತಿಹಾಸಕಾರರೊಬ್ಬರ ಕಣ್ಣಿಗೆ ಅವು ಬಿದ್ದವು. ಬರ್ಲಿನ್ನಿನಲ್ಲಿ ಡಾ. ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಅವರು 1919ರಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಗೆ ಇಷ್ಟು ಅದೃಷ್ಟವೂ ಇರಲಿಲ್ಲ. 1933ರ ಮೇ ತಿಂಗಳಿನಲ್ಲಿ ನಾಜಿಗಳು ಅದನ್ನು ಲೂಟಿ ಮಾಡಿ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು.

ಕೇಳುವುದನ್ನೇ ಒಂದು ಶಾಸ್ತ್ರವನ್ನಾಗಿ ಬೆಳೆಸಿದವರು ಆಲ್‌ಫ್ರೆಡ್ ಕಿನ್ಸೆ. ಇವರು ವೈದ್ಯರಲ್ಲ, ಗಿಡಗಳಲ್ಲಿ ಗಂಟುಗಳನ್ನುಂಟುಮಾಡುವ ಒಂದು ಜಾತಿಯ ಸಣ್ಣ ಕಣಜಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿ ಅಳೆದ ಪ್ರಾಣಿಶಾಸ್ತ್ರಜ್ಞರು. 1938ರಲ್ಲಿ ಇಂಡಿಯಾನ ವಿಶ್ವವಿದ್ಯಾನಿಲಯವು ವಿವಾಹವನ್ನು ಕುರಿತ ಪಾಠಮಾಲೆಯೊಂದನ್ನು ಇವರಿಗೆ ವಹಿಸಿತು. ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕಹೋದಾಗ ವಿಶ್ವಾಸಾರ್ಹವಾದ ಮಾಹಿತಿಯೇ ಇಲ್ಲವೆಂಬುದು ಇವರಿಗೆ ಅರಿವಾಯಿತು. ಅಂದಿನಿಂದ ಇವರೂ ಇವರ ಸಂಗಡಿಗರೂ ಸುಮಾರು 18,000 ಮಂದಿಯನ್ನು ಎದುರುಬದುರು ಕುಳಿತು ಕೇಳಿದರು. ಪುರುಷರನ್ನು ಕುರಿತ ಸಂಪುಟ 1948ರಲ್ಲಿಯೂ ಸ್ತ್ರೀಯರನ್ನು ಕುರಿತದ್ದು 1953ರಲ್ಲಿಯೂ ಹೊರಬಂದವು.

ಕಿನ್ಸೆಯವರ ಅಂಕಿಅಂಶಗಳಿಗಿಂತ ಅವರು ಪ್ರಶ್ನಿಸಿದ ರೀತಿಯೇ ನಮ್ಮಂತಹ ಕ್ಷೇತ್ರಕಾರ್ಯಕರ್ತರಿಗೆ ಹೆಚ್ಚು ಉಪಯುಕ್ತವೆಂದು ನನ್ನ ಭಾವನೆ. 'ನೀವು ಇಂತಹದನ್ನು ಮಾಡಿದ್ದುಂಟೆ?' ಎಂದು ಅವರು ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ 'ಇಲ್ಲ' ಎನ್ನುವುದೇ ಸುಲಭ. 'ಮೊದಲ ಬಾರಿಗೆ ಯಾವ ವಯಸ್ಸಿನಲ್ಲಿ?' ಎಂದು ಕೇಳುತ್ತಿದ್ದರು. ಅದು ಎಲ್ಲರ ಬಾಳಿನಲ್ಲಿಯೂ ಇರಬಹುದಾದ ಸಂಗತಿಯೆಂಬ ಧ್ವನಿ ಪ್ರಶ್ನೆಯಲ್ಲಿಯೇ ಇರುತ್ತಿತ್ತು. ನಡೆದಿಲ್ಲವಾದರೆ ಉತ್ತರಿಸುವವನೇ ಹಾಗೆಂದು ಹೇಳಬೇಕಿತ್ತು. ಪ್ರಶ್ನೆಗಳನ್ನು ಕಂಠಪಾಠ ಮಾಡಿಕೊಂಡು, ಎದುರಿಗಿದ್ದವರ ಮುಖವನ್ನು ನೋಡುತ್ತಾ, ಅವರಿಗೆ ಪರಿಚಿತವಾದ ಮಾತಿನಲ್ಲಿಯೇ ಕೇಳುತ್ತಿದ್ದರು. ಯಾವ ಉತ್ತರಕ್ಕೂ ಹುಬ್ಬೇರಿಸುತ್ತಿರಲಿಲ್ಲ. ಉತ್ತರಗಳನ್ನು ಸಂಕೇತಗಳಲ್ಲಿ ಒಂದೇ ಹಾಳೆಯ ಮೇಲೆ ಗುರುತಿಸುತ್ತಿದ್ದರು. ಆ ಸಂಕೇತಗಳ ಕೀಲಿಯನ್ನು ಎಲ್ಲಿಯೂ ಬರೆದಿಡದೆ, ಕೆಲವೇ ಮಂದಿ ಸಹೋದ್ಯೋಗಿಗಳು ನೆನಪಿನಲ್ಲಿಟ್ಟುಕೊಂಡಿದ್ದರು. ಕೆಲವರನ್ನು ಬಹುಕಾಲದ ನಂತರ ಮತ್ತೊಮ್ಮೆ ಕೇಳಿ, ಪತಿಪತ್ನಿಯರ ಉತ್ತರಗಳನ್ನು ಹೋಲಿಸಿ, ನಿಜವನ್ನು ಪರೀಕ್ಷಿಸುವ ಕ್ರಮವೂ ಇತ್ತು.

ದೋಷಗಳೂ ಇದ್ದವು, ಸಣ್ಣವಲ್ಲ. ತಾವಾಗಿ ಮುಂದೆ ಬಂದವರನ್ನು ಅವರು ಹೆಚ್ಚಾಗಿ ನೆಚ್ಚಿದರು, ಬಂದೀಖಾನೆಗಳಲ್ಲಿದ್ದವರನ್ನೂ ಸೇರಿಸಿಕೊಂಡರು. ಮಾತನಾಡಲು ಒಪ್ಪುವವರು ಒಪ್ಪದವರಂತೆಯೇ ಬದುಕುತ್ತಾರೆಂದು ಹೇಗೆ ನಂಬುವುದು? ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು ನೇಮಿಸಿದ ಕಾಕ್ರನ್, ಮೊಸ್ಟೆಲ್ಲರ್ ಮತ್ತು ಟ್ಯೂಕಿ ಅವರ ಸಮಿತಿಯು 1954ರ ವರದಿಯಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿತು. ಇದಕ್ಕಿಂತ ಗಂಭೀರವಾದುದು, ಮಕ್ಕಳ ಮೇಲೆ ದೌರ್ಜನ್ಯ ನಡೆಸಿದ ವ್ಯಕ್ತಿಯ ಟಿಪ್ಪಣಿಗಳನ್ನು ಮೊದಲ ಸಂಪುಟದಲ್ಲಿ ಮಾಹಿತಿಯೆಂದು ಬಳಸಿಕೊಂಡದ್ದು. ಇದನ್ನು ಯಾವ ವೈಜ್ಞಾನಿಕ ಕುತೂಹಲವೂ ಸಮರ್ಥಿಸಲಾರದು. ನಮ್ಮ ದೇಶದಲ್ಲಿ 2012ರ ಪೋಕ್ಸೊ ಕಾಯಿದೆಯಂತೆ, ಅಂತಹ ಅಪರಾಧವು ತಿಳಿದುಬಂದ ಕೂಡಲೇ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯವಾಗಿದೆ.

ಮುಂದಿನ ಸಮೀಕ್ಷೆಗಳು ಈ ಪಾಠವನ್ನು ಕಲಿತವು. ಬ್ರಿಟನ್ನಿನಲ್ಲಿ 1989ರಲ್ಲಿ ಸರ್ಕಾರವು ಹಣ ಕೊಡಲು ನಿರಾಕರಿಸಿದಾಗ ವೆಲ್‌ಕಮ್ ಟ್ರಸ್ಟ್ ವೆಚ್ಚವನ್ನು ವಹಿಸಿಕೊಂಡಿತು. ಯಾದೃಚ್ಛಿಕವಾಗಿ ಆಯ್ದ ಸುಮಾರು 19,000 ಮಂದಿಯನ್ನು ಕೇಳಲಾಯಿತು. ಅತಿ ಗೋಪ್ಯವಾದ ಪ್ರಶ್ನೆಗಳಿಗೆ ಅವರೇ ಪುಸ್ತಿಕೆಯೊಂದರಲ್ಲಿ ಉತ್ತರ ಬರೆದು ಲಕೋಟೆಯಲ್ಲಿಟ್ಟು ಅಂಟಿಸುವ ಏರ್ಪಾಡಿತ್ತು. ಇನ್ನೊಂದು ಮಾರ್ಗ ಪ್ರಯೋಗಾಲಯದ್ದು. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಅವರು 382 ಸ್ತ್ರೀಯರು ಮತ್ತು 312 ಪುರುಷರ ಒಪ್ಪಿಗೆಯಿಂದ ನಾಡಿ, ಉಸಿರಾಟ ಮುಂತಾದ ದೈಹಿಕ ಬದಲಾವಣೆಗಳನ್ನು ಉಪಕರಣಗಳಿಂದ ಅಳೆದು 1966ರಲ್ಲಿ ಪ್ರಕಟಿಸಿದರು. 1970ರ ಅವರ ಎರಡನೆಯ ಗ್ರಂಥವು ಚಿಕಿತ್ಸೆಗೆ ಸಂಬಂಧಿಸಿದ್ದು. ಅದಕ್ಕೆ ಮತ್ತೆ ಬರುತ್ತೇನೆ.

ನಮ್ಮ ನಾಡೂ ಈ ಇತಿಹಾಸದಲ್ಲಿ ಒಂದು ಪುಟವನ್ನು ಪಡೆದಿದೆ. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಡಾ. ಅಬ್ರಹಾಂ ಸ್ಟೋನ್ ಅವರ ಸಲಹೆಯಂತೆ, ದೆಹಲಿಯ ಲೋದಿ ಕಾಲೋನಿಯಲ್ಲಿಯೂ ಅಂದಿನ ಮೈಸೂರು ರಾಜ್ಯದ ರಾಮನಗರದಲ್ಲಿಯೂ ಸುರಕ್ಷಿತ ದಿನಗಳ ವಿಧಾನದ ಪ್ರಯೋಗವನ್ನು ಆರಂಭಿಸಲಾಯಿತು. ದಿನಗಳ ಲೆಕ್ಕ ತಪ್ಪದಿರಲೆಂದು ಸ್ತ್ರೀಯರಿಗೆ ಬಣ್ಣದ ಮಣಿಗಳ ಸರಗಳನ್ನು ಕೊಡಲಾಗಿತ್ತು: ಸುರಕ್ಷಿತ ದಿನಗಳಿಗೆ ಒಂದು ಬಣ್ಣ, ಗರ್ಭ ನಿಲ್ಲಬಹುದಾದ ದಿನಗಳಿಗೆ ಇನ್ನೊಂದು. ವಿಧಾನವನ್ನು ತಿಳಿಯಬಯಸಿದವರು ಹಲವರಿದ್ದರೂ ಕಡೆಯವರೆಗೆ ಪಾಲಿಸಿದವರು ಕೆಲವರೇ. ಮಣಿಯನ್ನು ಸರಿಸುವವಳು ಹೆಂಡತಿ; ಆ ದಿನಗಳಲ್ಲಿ ಸಂಯಮದಿಂದಿರಲು ಗಂಡನೂ ಒಪ್ಪಬೇಕಷ್ಟೆ.

ಇನ್ನು ನನ್ನ ಸ್ವಂತ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ, ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿಲ್ಲವೆಂದು ದಂಪತಿಗಳು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರು. ಹುಡುಗಿಯ ಅತ್ತೆಯೂ ಜೊತೆಯಲ್ಲಿದ್ದರು. ಹೊರಗೆ ಸಾಲು ಉದ್ದವಿತ್ತು. 'ಸಂಸಾರ ಸರಿಯಾಗಿ ನಡೆದಿದೆ ತಾನೆ?' ಎಂದೆ. 'ಎಲ್ಲಾ ಸರಿಯಾಗಿದೆ ಸಾರ್' ಎಂದು ಗಂಡ ಹೇಳಿದನು. ಆಕೆ ತಲೆಯೆತ್ತಲಿಲ್ಲ. ನಾನು ವೀರ್ಯಪರೀಕ್ಷೆಗೂ ರಕ್ತಪರೀಕ್ಷೆಗೂ ಸ್ಕ್ಯಾನಿಂಗಿಗೂ ಬರೆದುಕೊಟ್ಟೆ. ಜಿಲ್ಲಾಕೇಂದ್ರಕ್ಕೆ ಮೂರು ಬಾರಿ ಹೋಗಿಬರಲು ಅವರು ಎರಡು ಕುರಿಗಳನ್ನು ಮಾರಿದರೆಂದು ಅನಂತರ ತಿಳಿಯಿತು. ಪರೀಕ್ಷೆಗಳಲ್ಲಿ ಯಾವ ದೋಷವೂ ಕಂಡುಬರಲಿಲ್ಲ.

ನಮ್ಮ ಆರೋಗ್ಯ ಸಹಾಯಕಿಯವರು ಮನೆಭೇಟಿಗೆ ಹೋದಾಗ, ಹಿತ್ತಿಲಿನಲ್ಲಿ ಪಾತ್ರೆ ಬೆಳಗುತ್ತಿದ್ದ ಆ ಹುಡುಗಿಯ ಪಕ್ಕದಲ್ಲಿ ಕುಳಿತು, 'ಬಾಳ ಜನಕ್ಕೆ ಮೊದಮೊದಲು ನೋವಿಗೆ ಕೂಡೋಕೇ ಆಗಲ್ಲ ಕಣಮ್ಮ, ನಿಂಗೆ ಹೆಂಗೆ?' ಎಂದು ಕೇಳಿದರಂತೆ. ಆಕೆ ಅತ್ತುಬಿಟ್ಟಳು. ನಾಲ್ಕು ವರ್ಷಗಳಲ್ಲಿ ಸಂಭೋಗವೇ ನಡೆದಿರಲಿಲ್ಲ. ಭಯ ಮತ್ತು ನೋವಿನಿಂದ ಯೋನಿಯ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುವ ಈ ತೊಂದರೆ ಅಪರೂಪದ್ದಲ್ಲ, ಗುಣವಾಗದ್ದೂ ಅಲ್ಲ. ಪತಿಪತ್ನಿಯರಿಬ್ಬರನ್ನೂ ಕೂರಿಸಿ ದೇಹರಚನೆಯನ್ನು ವಿವರಿಸಿ, ಹಂತಹಂತವಾಗಿ ಅಭ್ಯಾಸ ಮಾಡಿಸುವ ಕ್ರಮವನ್ನು ಮಾಸ್ಟರ್ಸ್ ಮತ್ತು ಜಾನ್ಸನ್ ಅವರು 1970ರಲ್ಲಿಯೇ ವಿವರಿಸಿದ್ದರು. ಆ ಪುಟಗಳನ್ನು ನಾನು ಓದಿಯೂ ಇದ್ದೆ.

ಸಹಾಯಕಿಯವರು ಕಿನ್ಸೆಯವರ ಹೆಸರನ್ನು ಕೇಳಿದವರಲ್ಲ. ಅವರು ಹೇಳಿಕೊಟ್ಟಂತೆ ಈಗ ನಾನು ಇಂತಹ ದಂಪತಿಗಳನ್ನು ಬೇರೆಬೇರೆಯಾಗಿ ಕರೆಯುತ್ತೇನೆ. ಹುಡುಗಿಯೊಡನೆ ಮೊದಲು ಸಹಾಯಕಿಯವರೇ ಮಾತನಾಡುತ್ತಾರೆ, ಜೊತೆಗೆ ಬಂದ ಹಿರಿಯರು ಹೊರಗಿನ ಬೆಂಚಿನಲ್ಲಿ ಕಾಯುತ್ತಾರೆ. ನಮ್ಮ ನಮೂನೆಯಲ್ಲಿ ಈ ಪ್ರಶ್ನೆಗೆ ಅಂಕಣವಿಲ್ಲ. ಉತ್ತರವನ್ನು ಚೀಟಿಯಲ್ಲಿ ಬರೆಯದೆ ನೆನಪಿನಲ್ಲಿಯೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಆ ಚೀಟಿಯನ್ನು ಮನೆಯಲ್ಲಿ ಎಲ್ಲರೂ ಓದುತ್ತಾರೆ.