ಬಿಸಿಲಿನ ಬೆಳೆಯೂ ಊರಿನ ಜನರೂ

ಬಿಸಿಲಿನಿಂದ ವಿದ್ಯುಚ್ಛಕ್ತಿಯು ಹುಟ್ಟುವದು ಹೇಗೆಂಬದನ್ನು ನಮ್ಮ ವಿದ್ಯಾರ್ಥಿನಿಯರು ವಿಜ್ಞಾನದ ಪಾಠದಲ್ಲಿ ಕಲಿತಿರುವರು. ಸಿಲಿಕಾನ್ ಎಂಬ ಧಾತುವಿನ ತೆಳುವಾದ ಬಿಲ್ಲೆಗಳ ಮೇಲೆ ಬೆಳಕು ಬಿದ್ದಾಗ ಅದರೊಳಗಿನ ಇಲೆಕ್ಟ್ರಾನುಗಳು ಸಡಿಲಗೊಂಡು ಹರಿಯತೊಡಗುತ್ತವೆ. ಆ ಹರಿವೇ ವಿದ್ಯುತ್ತು. ಅದರಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ, ಸದ್ದೂ ಇಲ್ಲ. ಇಷ್ಟನ್ನು ಪರೀಕ್ಷೆಯಲ್ಲಿ ಬರೆದರೆ ಸಾಕು. ಆದರೆ ಆ ಬಿಲ್ಲೆಗಳ ಹಲಗೆಗಳನ್ನು ನಿಲ್ಲಿಸುವದಕ್ಕೆ ನೆಲ ಬೇಕು. ಆ ನೆಲವು ಯಾವದಾದರೊಂದು ಊರಿನದಾಗಿರುವದು. ಆ ಊರಿನಲ್ಲಿ ಜನರಿರುವರು. ಈ ಸಂಗತಿಯು ಪಾಠದ ಪುಸ್ತಕದಲ್ಲಿ ಬಾರದಿರುವದರಿಂದ ಇಲ್ಲಿ ಅದನ್ನು ಸ್ವಲ್ಪ ವಿಚಾರಿಸಬೇಕೆಂದಿದ್ದೇವೆ.

ಸಿಂದಗಿಯ ಕಡೆಯ ಯಂಕಂಚಿಯಂಥ ಒಂದು ಊರನ್ನು ಮನಸ್ಸಿಗೆ ತಂದುಕೊಳ್ಳೋಣ. ಬಯಲುಸೀಮೆ, ಎರೆಯ ಹೊಲ, ಹಿಂಗಾರಿ ಜೋಳ, ತೊಗರಿ. ಹೊಲದ ಒಡೆಯನನ್ನು ಕೇಳಿದರೆ ಈ ವರುಷ ಇಷ್ಟು ಚೀಲ ಆಯಿತು, ಅಥವಾ ಮಳೆ ಕೈಕೊಟ್ಟಿತು, ಎಂದು ಹೇಳುವನು. ಆ ಹೊಲದ ಲೆಕ್ಕ ಅಷ್ಟಕ್ಕೇ ತೀರಿತೆಂದು ನಾವು ತಿಳಿಯಬಾರದು. ಅದೇ ಹೊಲದಲ್ಲಿ ಕಸ ತೆಗೆದು, ಜೋಳ ಕಿತ್ತು, ಕೂಲಿಯಿಂದ ಹೊಟ್ಟೆ ಹೊರೆಯುವ ಹೆಣ್ಣುಮಕ್ಕಳಿರುವರು. ರಾಶಿ ಮುಗಿದ ಮೇಲೆ ಕುರಿಗಾರನು ತನ್ನ ಹಿಂಡನ್ನು ಅಲ್ಲಿಯೇ ಮೇಯಿಸುವನು; ಕುರಿಯ ಗೊಬ್ಬರವು ಹೊಲಕ್ಕೆ ಬೀಳುವದು. ಎಮ್ಮೆಗೆ ಜೋಳದ ಕಣಿಕೆ, ಒಲೆಗೆ ತೊಗರಿಯ ಕಟ್ಟಿಗೆ, ಬದುವಿನ ಮೇಲಿನ ಬೇವು ಜಾಲಿಗಳ ನೆರಳು, ಇವೆಲ್ಲವೂ ಆ ಹೊಲದವೇ. ಬಡ ಮುದುಕಿಯು ಉಳಿದ ತೆನೆಗಳನ್ನು ಹಕ್ಕಲಾಯ್ದುಕೊಂಡು ಹೋಗುವಳು. ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದದ್ದನ್ನು ಓದಿದ ಬಾಲಿಕೆಯರಿಗೆ ಇದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಇವರಲ್ಲಿ ಒಬ್ಬರ ಹೆಸರಾದರೂ ಪಹಣಿಯಲ್ಲಿರುವದಿಲ್ಲ.

ಇಂಥ ಬಿಸಿಲ ನಾಡಿಗೆ ಸೂರ್ಯವಿದ್ಯುತ್ತು ಬಹು ದೊಡ್ಡ ಪ್ರಮಾಣದಲ್ಲಿ ಬಂದರೆ ಏನಾಗುವದೆಂಬದನ್ನು ತಿಳಿಯಬೇಕಾದರೆ ತುಮಕೂರು ಜಿಲ್ಲೆಯ ಪಾವಗಡವನ್ನು ನೋಡಬೇಕು. ಅದು ಮೇಲಿಂದ ಮೇಲೆ ಬರಕ್ಕೆ ತುತ್ತಾದ ತಾಲೂಕು. ಶೇಂಗಾ ಅಲ್ಲಿಯ ಮುಖ್ಯ ಬೆಳೆ. ಆಂಧ್ರದ ಗಡಿಗೆ ಹತ್ತಿಕೊಂಡಿರುವ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆ ನೆಲದಲ್ಲಿ ‘ಶಕ್ತಿಸ್ಥಳ’ ಎಂಬ ಸೌರ ಉದ್ಯಾನವು ಎದ್ದಿತು. ರಾಜ್ಯ ಮತ್ತು ಕೇಂದ್ರ ಸರಕಾರಗಳ ಸಂಸ್ಥೆಗಳೆರಡು ಕೂಡಿ 2015ರಲ್ಲಿ ಸ್ಥಾಪಿಸಿದ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವು ಇದರ ಹೊಣೆ ಹೊತ್ತಿತು. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. 2019ರ ಕೊನೆಗೆ 2,050 ಮೆಗಾವ್ಯಾಟಿನ ಕೆಲಸವೆಲ್ಲ ಪೂರೈಸಿತು. ಅಷ್ಟು ದೊಡ್ಡದು ಆಗ ಲೋಕದಲ್ಲಿ ಬೆರಳೆಣಿಕೆಯಷ್ಟೇ ಇದ್ದವು.

ಇಲ್ಲಿ ಒಂದು ಮಾತನ್ನು ಮೆಚ್ಚಲೇಬೇಕು. ರೈತರ ನೆಲವನ್ನು ಕಸಿದುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಅಧಿಕಾರಿಗಳು ಊರಿಗೆ ಬಂದು ರೈತರೊಡನೆ ಮಾತಾಡಿ, 28 ವರುಷಗಳ ಅವಧಿಗೆ ಲಾವಣಿಯಾಗಿ ಪಡೆದರು. ಸುಮಾರು 2,300 ರೈತರು ಕರಾರು ಬರೆದುಕೊಟ್ಟರು. ಎಕರೆಗೆ ವರುಷಕ್ಕೆ 21,000 ರೂಪಾಯಿ. ಎರಡು ವರುಷಕ್ಕೊಮ್ಮೆ ನೂರಕ್ಕೆ ಐದರ ಹೆಚ್ಚಳ. ಮಳೆಯನ್ನು ನಂಬಿ ಕೆಟ್ಟವರಿಗೆ ಇದು ಸಣ್ಣ ಮೊತ್ತವಲ್ಲ. ಹೊಲದ ಒಡೆತನವೂ ಅವರಲ್ಲಿಯೇ ಉಳಿಯಿತು.

ಮೇಲಿನ ತರಗತಿಯ ಹುಡುಗಿಯರು ಈ ಕರಾರನ್ನು ಚಕ್ರಬಡ್ಡಿಯ ಲೆಕ್ಕದಂತೆ ಮಾಡಿ ನೋಡಲಿ. 27ನೆಯ ವರುಷಕ್ಕೆ ಲಾವಣಿಯು ಸುಮಾರು 39,600 ರೂಪಾಯಿಗೆ ಮುಟ್ಟುವದು, ಎಂದರೆ ಎರಡು ಪಟ್ಟೂ ಆಗದು. ಪೇಟೆಯ ಪದಾರ್ಥಗಳ ಬೆಲೆಯು ಪ್ರತಿವರುಷ ನೂರಕ್ಕೆ ಐದರಂತೆ ಏರುವದೆಂದಿಟ್ಟುಕೊಂಡರೆ, ಅದೇ ಅವಧಿಯಲ್ಲಿ ಅದು ಮೂರೂವರೆ ಪಟ್ಟಾಗುವದು. ಮೊದಲ ವರುಷ ಕೈತುಂಬ ಕಂಡ ಹಣವು ಕೊನೆಯ ವರುಷಕ್ಕೆ ಅರ್ಧದಷ್ಟು ಸಾಮಾನನ್ನು ಮಾತ್ರ ತರುವದು. ಸಹಿ ಮಾಡುವ ಮುಂಚೆ ಈ ಲೆಕ್ಕವನ್ನು ಮಾಡಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಆ ಒಬ್ಬರು ಶಾಲೆಗೆ ಹೋಗುವ ಮಗಳೇ ಯಾಕಾಗಬಾರದು?

ಇಷ್ಟಾದರೂ ಇದು ನೆಲವಿದ್ದವರ ಮಾತಾಯಿತು. ನೆಲವಿಲ್ಲದ ಕೂಲಿಯವರೊಡನೆ ಯಾವ ಕರಾರೂ ಆಗಲಿಲ್ಲ, ಯಾಕಂದರೆ ಕೊಡುವದಕ್ಕೆ ಅವರಲ್ಲಿ ಏನೂ ಇರಲಿಲ್ಲ. ಹಲಗೆಗಳನ್ನು ನಿಲ್ಲಿಸುವ ತನಕ ಕೆಲಸ ಬಹಳವಿತ್ತು. ನಿಲ್ಲಿಸಿದ ಮೇಲೆ ಕಾವಲು, ಹುಲ್ಲು ಕೊಯ್ಯುವದು, ಹಲಗೆ ತೊಳೆಯುವದು ಇಷ್ಟೇ ಉಳಿಯಿತು, ಅದೂ ಕೆಲವರಿಗೆ. ಶೇಂಗಾದ ಹೊಲದಲ್ಲಿ ದುಡಿಯುತ್ತಿದ್ದ ಹೆಂಗಸರು ಬೇರೆ ಊರುಗಳಲ್ಲಿ ಕೂಲಿ ಹುಡುಕಬೇಕಾಯಿತು. ಬೇಲಿ ಬಿದ್ದದ್ದರಿಂದ ಕುರಿಗಳಿಗೆ ಮೇವಿನ ನೆಲ ತಪ್ಪಿತು. ಹಿಂಡನ್ನು ಮಾರಿದವರೂ ಉಂಟು. ಅನ್ಯಾಯ ಮಾಡಬೇಕೆಂದು ಯಾರೂ ಹೊರಟಿರಲಿಲ್ಲ. ಪಹಣಿಯನ್ನು ನೋಡಿ ಜನರನ್ನು ಕರೆದರು, ಪಹಣಿಯಲ್ಲಿಲ್ಲದವರು ಕಣ್ಣಿಗೆ ಬೀಳಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇಡೀ ವಿಷಯದ ಗಂಟು ಇದೇ.

ಕಾನೂನು ಈ ಗಂಟನ್ನು ಬಿಡಿಸುವದೋ? ನಮ್ಮ ಜಿಲ್ಲೆಯಲ್ಲಿಯೇ ಬಸವನ ಬಾಗೇವಾಡಿಯ ಕಡೆಯ ಕೂಡಗಿಯಲ್ಲಿ ಕಲ್ಲಿದ್ದಲಿನಿಂದ 2,400 ಮೆಗಾವ್ಯಾಟ್ ವಿದ್ಯುತ್ತು ಮಾಡುವ ಕೇಂದ್ರವಿದೆ. ಅಂಥ ಕೇಂದ್ರಕ್ಕೆ 2006ರ ಪರಿಸರ ಅಧಿಸೂಚನೆಯಂತೆ ಪರಿಣಾಮಗಳ ಪರೀಕ್ಷೆಯೂ ಬಹಿರಂಗ ವಿಚಾರಣೆಯೂ ಆಗಲೇಬೇಕು. ಆದಾಗ್ಯೂ ಅಲ್ಲಿ ರೈತರ ವಿರೋಧವು ಬೆಳೆದು 2014ರ ಜುಲೈಯಲ್ಲಿ ಪೋಲೀಸರ ಗುಂಡಿನಿಂದ ರೈತರು ಗಾಯಗೊಂಡದ್ದು ನಮ್ಮ ಜನರಿಗೆ ಮರೆತಿಲ್ಲ. ಸೂರ್ಯಶಕ್ತಿಯ ಹಲಗೆಗಳ ಕೇಂದ್ರಗಳಿಗಾದರೋ ಆ ಅಧಿಸೂಚನೆಯ ಕಟ್ಟೇ ಇಲ್ಲ. ಹೊಗೆಯಿಲ್ಲದ್ದಕ್ಕೆ ಪರೀಕ್ಷೆಯೇಕೆಂದು ಬಿಟ್ಟರು. ಅದಕ್ಕೋಸ್ಕರ ಊರಿನವರನ್ನು ಕೂಡಿಸಿ ಕೇಳುವ ಕೆಲಸವನ್ನು ಗ್ರಾಮಸಭೆಯೇ ಮಾಡಬೇಕಾಗಿದೆ, ಮತ್ತು ಆ ಸಭೆಗೆ ಕೂಲಿಯ ಹೆಂಗಸೂ ಕುರಿಗಾರನೂ ಬಂದು ಕುಳಿತುಕೊಳ್ಳಬೇಕಾಗಿದೆ.

ಕೇಳತಕ್ಕ ಪ್ರಶ್ನೆಗಳೇನೂ ಕಠಿಣವಲ್ಲ. ಹಲಗೆಯ ಮೇಲೆ ಧೂಳು ಕೂತರೆ ವಿದ್ಯುತ್ತು ಕುಗ್ಗುವದು, ಆದ್ದರಿಂದ ತೊಳೆಯಬೇಕು. ನೀರು ಯಾವ ಬಾವಿಯದು? ನೀರಿಲ್ಲದೆ ಕುಂಚದಿಂದ ಒರೆಸುವ ಯಂತ್ರಗಳು ಬಂದಿರುವವು, ಅವನ್ನು ತರುವರೋ? ಸಾಲುಗಳ ನಡುವೆ ಬೆಳೆಯುವ ಹುಲ್ಲನ್ನು ಕೊಯ್ದು ಬಿಸಾಡುವ ಬದಲು ಕುರಿಗಳನ್ನು ಬಿಡಬಹುದೋ? ಪರದೇಶಗಳಲ್ಲಿ ಹಲವು ಕಡೆ ಹೀಗೆ ಕುರಿ ಮೇಯಿಸುತ್ತಾರೆ. ಜರ್ಮನಿಯಲ್ಲಿ ಹಲಗೆಗಳನ್ನು ಎತ್ತರಕ್ಕೆ ಏರಿಸಿ ಕೆಳಗೆ ಬೆಳೆ ತೆಗೆದದ್ದೂ ಉಂಟು. ಹಳ್ಳದ ಹರಿವಿಗೂ ಚಿಗರಿಗಳ ದಾರಿಗೂ ಬೇಲಿಯಲ್ಲಿ ಎಡೆ ಬಿಡುವರೋ? ಕಡಿದ ಬೇವಿಗೆ ಬದಲು ಎಷ್ಟು ನೆಡುವರು, ಮತ್ತು ಮೂರು ಬೇಸಗೆ ಅದಕ್ಕೆ ನೀರು ಹಾಕುವವರಾರು? (ನೆಡುವ ದಿನದ ಭಾವಚಿತ್ರಗಳನ್ನು ನಾವು ಸಾಕಷ್ಟು ನೋಡಿದ್ದೇವೆ.) ಕಾವಲು ತೊಳೆತಗಳ ಕೆಲಸವನ್ನು ಮೊದಲು ನೆಲವಿಲ್ಲದ ಮನೆಗಳಿಗೆ ಕೊಡುವರೋ?

ಹಲಗೆಗಳ ಆಯುಷ್ಯ ಇಪ್ಪತ್ತೈದು ವರುಷದ ಆಸುಪಾಸು. ಒಡೆದವುಗಳೂ ಮುದಿಯಾದವುಗಳೂ ಗಾಜು, ಅಲ್ಯುಮಿನಿಯಂ, ಸೀಸ ಮೊದಲಾದವುಗಳ ರಾಶಿಯಾಗುವವು. 2022ರ ಇಲೆಕ್ಟ್ರಾನಿಕ್ ತ್ಯಾಜ್ಯ ನಿಯಮಗಳು ಈ ಹಲಗೆಗಳನ್ನೂ ಒಳಗೊಂಡು, ತಯಾರಿಸುವವರು 2034–35ರ ವರೆಗಿನ ತ್ಯಾಜ್ಯವನ್ನು ಜೋಪಾನವಾಗಿ ಕೂಡಿಡಬೇಕೆಂದು ವಿಧಿಸಿವೆ. ಹೊಲದಿಂದ ಅವನ್ನು ಎತ್ತುವವರು ಯಾರೆಂಬದನ್ನು ಮಾತ್ರ ಕರಾರಿನಲ್ಲಿಯೇ ಬರೆಯಿಸಿಕೊಳ್ಳಬೇಕು. ಜೊತೆಗೆ ಹೊಲದ ನಕಾಶೆಯನ್ನು ಹಚ್ಚಿಸಿಕೊಳ್ಳಬೇಕು. ಯಾಕಂದರೆ ನೆಲವನ್ನು ಸಪಾಟು ಮಾಡುವಾಗ ಬದುಗಳು ಅಳಿದುಹೋಗುವವು, ಗಡಿಯ ಕಲ್ಲುಗಳು ಕೀಳುವವು. ಪಾವಗಡದ ಕರಾರುಗಳು ತೀರುವದು 2040ರ ದಶಕದ ನಡುವಿನಲ್ಲಿ. ಸಹಿ ಮಾಡಿದ ತಂದೆಯು ಆಗ ಇರುವನೋ ಇಲ್ಲವೋ. ಈ ಹೊತ್ತು ಎಂಟನೆಯ ಇಯತ್ತೆಯಲ್ಲಿರುವ ಬಾಲಿಕೆಯು ಮೂವತ್ತು ದಾಟಿದ ಗೃಹಿಣಿಯಾಗಿರುವಳು, ಮತ್ತು ಹಲಗೆಗಳನ್ನು ಕಿತ್ತ ಆ ಬಯಲಿನಲ್ಲಿ ನಿಂತು ತಮ್ಮ ಹೊಲದ ಬದು ಎಲ್ಲಿತ್ತೆಂದು ತೋರಿಸಬೇಕಾದವಳು ಅವಳೇ.