ಅಂಗಳದ ಕೋಳಿಗೆ ಮಳೆಗಾಲದ ಪಾಡು

ಧರ್ಮಸ್ಥಳ, ಕೊಕ್ಕಡ, ನಿಡ್ಲೆಯ ತೋಟದ ಮನೆಗಳಲ್ಲಿ ಕೋಳಿ ಕಡಿಮೆಯಾದರೆ ದೂರು ಮುಂಗುಸಿಯ ಮೇಲೆ. ನನ್ನ ಅನುಭವದಲ್ಲಿ ಮುಂಗುಸಿಗಿಂತ ಹೆಚ್ಚು ಮರಿಗಳನ್ನು ಒಯ್ಯುವುದು ಒದ್ದೆ ನೆಲ.

ಆದ್ದರಿಂದ ಮೊದಲ ಕೆಲಸ ಗೂಡು. ಹತ್ತು ಕೋಳಿಗೆ ನಾಲ್ಕಡಿ ಅಗಲ, ಐದಡಿ ಉದ್ದ ಸಾಕು. ಮುರಕಲ್ಲಿನ ಮೇಲೆ ನೆಲದಿಂದ ಎರಡಡಿ ಎತ್ತರಿಸಿ, ಇರಿಚಲು ಒಳಬಾರದಂತೆ ಮಾಡನ್ನು ಮುಂದಕ್ಕೆ ಚಾಚಿ. ಜಾಲರಿಯ ಕಣ್ಣು ಅರ್ಧ ಇಂಚು ಮೀರಬಾರದು, ದೊಡ್ಡ ಕಣ್ಣಿನಲ್ಲಿ ಹಾವು ನುಸುಳುತ್ತದೆ. ಒಳಗೆ ಎರಡು–ಮೂರು ಇಂಚು ಮರದ ಹುಡಿ ಹರಡಿ. ಒಂದು ಹಿಡಿ ತೆಗೆದು ಹಿಂಡಿದಾಗ ಉಂಡೆಯಾದರೆ ಅಂದೇ ಬದಲಿಸಿ. ರಕ್ತಭೇದಿ ಹಬ್ಬುವುದು ಇಂಥ ತೇವದಲ್ಲೇ.

ಜೂನ್, ಜುಲೈಯಲ್ಲಿ ಕಾವಿಗೆ ಮೊಟ್ಟೆ ಇಡಲೇಬೇಡಿ. ಕಾವು 21 ದಿನ. ಸೆಪ್ಟೆಂಬರ್ ಕೊನೆಗೆ ಇಟ್ಟರೆ ಮಳೆ ಇಳಿಯುವ ಹೊತ್ತಿಗೆ ಮರಿ ಅಂಗಳಕ್ಕಿಳಿಯುತ್ತದೆ. ಒಂದು ಹೇಂಟೆಗೆ ಹತ್ತು–ಹನ್ನೆರಡು ಮೊಟ್ಟೆ ಸಾಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿ ಕಾವು ಕೂರುವುದು ಅಪರೂಪ. ಅದರ ಮೊಟ್ಟೆಯನ್ನೂ ನಾಟಿ ಹೇಂಟೆಯ ಕೆಳಗೇ ಇಡಿ.

ಕೊಕ್ಕರೆ ರೋಗ ಬಂದ ಮೇಲೆ ಮದ್ದಿಲ್ಲ. ಹಸಿರು ಭೇದಿ, ತಿರುಚಿದ ಕತ್ತು ಕಾಣುವಷ್ಟರಲ್ಲಿ ಅರ್ಧ ಹಿಂಡು ಹೋಗಿರುತ್ತದೆ. ಮರಿಗೆ 5ರಿಂದ 7ನೇ ದಿನದೊಳಗೆ ಲಸೋಟಾ ಲಸಿಕೆಯ ಒಂದು ಹನಿ ಕಣ್ಣಿಗೆ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರ ಆರ್‌2ಬಿ ಚುಚ್ಚುಮದ್ದು. ಲಸಿಕೆಯ ಬಾಟಲಿ ನೂರಾರು ಮರಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಹತ್ತು ಮರಿಯವರು ಹಿಂಜರಿಯುವುದು ಇಲ್ಲಿಯೇ. ನೆರೆಯ ನಾಲ್ಕೈದು ಮನೆಯವರು ಒಂದೇ ದಿನ ಗೊತ್ತುಮಾಡಿಕೊಂಡು ಪಶು ಆಸ್ಪತ್ರೆಯಲ್ಲಿ ಕೇಳಿ, ಐಸಿನಲ್ಲಿಟ್ಟು ತನ್ನಿ.

ಅಡಿಕೆಗೆ ಬೋರ್ಡೋ ಸಿಂಪಡಿಸುವ ದಿನ ಕೋಳಿಗಳನ್ನು ಬಿಡಬೇಡಿ. ಡ್ರಮ್ಮಿನ ಬುಡದಲ್ಲಿ ನಿಂತ ಮೈಲುತುತ್ತಿನ ನೀರು ಅವಕ್ಕೆ ವಿಷ. ಮನೆಯ ಹತ್ತಿರ ದಿನಾ ಶುದ್ಧ ನೀರಿಟ್ಟರೆ ಉಳಿದ ದಿನಗಳಲ್ಲೂ ಅವು ತೋಟದ ಹೊಂಡ ಹುಡುಕುವುದಿಲ್ಲ. ಒಣಗಿದ ಮೂಲೆಯಲ್ಲಿ ಒಲೆಯ ಬೂದಿ ಸುರಿದಿಡಿ, ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ.

ಹೊತ್ತು ಮುಳುಗುವ ಮುನ್ನ ನುಚ್ಚಕ್ಕಿ ಎರಚಿ ಕರೆಯಿರಿ, ಎಣಿಸಿ, ಬಾಗಿಲು ಹಾಕಿ. ಎಣಿಕೆಯಲ್ಲಿ ಒಂದು ಹೇಂಟೆ ತಪ್ಪಿದರೆ ಮುಂಗುಸಿಯನ್ನು ಬೈಯುವ ಮೊದಲು ಅಡಿಕೆ ಹಾಳೆಯ ರಾಶಿ, ಸೌದೆ ಕೊಟ್ಟಿಗೆ ನೋಡಿ. ಕದ್ದು ಮೊಟ್ಟೆಯಿಟ್ಟು ಕಾವಿಗೆ ಕೂತಿರುತ್ತದೆ. ಕತ್ತಲಾದ ಮೇಲೆ ಮೊಟ್ಟೆ ಸಹಿತ ಬುಟ್ಟಿಗೆ ಹಾಕಿ ಗೂಡಿಗೆ ತಂದರೆ, ಬೆಳಿಗ್ಗೆ ಅಲ್ಲೇ ಕೂತಿರುವುದು ಹೆಚ್ಚು.